ಅದೇ ಕೋಣೆ, ದೊಡ್ಡ ಬೀಗ

ಗೆದ್ದ ಸಿನಿಮಾದ ಭಾಗ 2 ತೆರೆಕಂಡ ಶುಕ್ರವಾರ ಶಿರಸಿಯ ಐದು ರಸ್ತೆ ಸರ್ಕಲ್ಲಿನಲ್ಲಿ ಕಷಾಯ ಕುಡಿಯುವವರು ಎರಡು ಪಕ್ಷವಾಗುತ್ತಾರೆ. ‘ಹಳೇದ್ನೇ ಕಾಸಿ ಬಡ್ಸಿದ್ವಲಾ ಮಾರಾಯಾ’ ಎಂಬುದು ಒಂದು. ‘ಹಳೇ ಡೈಲಾಗು ಎರಡೇ ಸಲ ಬಂತು, ಸಾಕಾಜಿಲ್ಲೆ’ ಎಂಬುದು ಇನ್ನೊಂದು. ಎರಡೂ ಪಕ್ಷಕ್ಕೆ ಟಿಕೆಟ್ ದರ ಒಂದೇ ಆದ್ದರಿಂದ ನಿರ್ಮಾಪಕರು ತಟಸ್ಥರು.

ನಕಲೋ ಮುಂದುವರಿಕೆಯೋ ಎಂದು ತೀರ್ಮಾನಿಸಲು ಜಗಳ ಬೇಕಿಲ್ಲ, ಟಿಕೆಟ್ಟಿನ ಹಿಂಬದಿ ಸಾಕು. ನಾಲ್ಕು ಸಾಲು ಬರೆಯಿರಿ: ನಾಯಕನಿಗೆ ಏನು ಬೇಕು, ಅಡ್ಡ ನಿಂತವರು ಯಾರು, ಗುಟ್ಟು ಒಡೆಯುವುದು ಎಲ್ಲಿ, ಗಂಟು ಬಿಡಿಸುವುದು ಹೇಗೆ. ಹೆಸರುಗಳನ್ನು ಹೊಡೆದುಹಾಕಿ ಎರಡೂ ಚಿತ್ರದ ಸಾಲುಗಳನ್ನು ಅಕ್ಕಪಕ್ಕ ಇಡಿ. ನಾಯಕ, ಬಂಗಲೆ, ಹಿನ್ನೆಲೆ ಸಂಗೀತ ಎಲ್ಲ ಹಳೆಯದಾದರೂ ಮೊದಲ ಸಾಲು ಬೇರೆಯಿದ್ದರೆ ಅದು ಮುಂದುವರಿಕೆ. ನಾಲ್ಕೂ ಒಂದೇ ಆಗಿ ಬಂಗಲೆ ಮಾತ್ರ ದೊಡ್ಡದಾಗಿದ್ದರೆ ಅದು ವಿಸ್ತರಣಾ ಕಾಮಗಾರಿ.

ಈ ಕಾಮಗಾರಿಗೆ ಮಾದರಿ ಎಂದರೆ ಕೀಲಿ ಹಾಕಿದ ಆ ಕೋಣೆ. 1993ರಲ್ಲಿ ಮಲಯಾಳಂನ ‘ಮಣಿಚಿತ್ರತಾಳ್’ ಅದನ್ನು ತೆರೆಯಿತು. 2004ರಲ್ಲಿ ಕನ್ನಡದಲ್ಲಿ ‘ಆಪ್ತಮಿತ್ರ’, ಮರುವರ್ಷ ತಮಿಳು, 2007ರಲ್ಲಿ ಹಿಂದಿ. 2010ರ ‘ಆಪ್ತರಕ್ಷಕ’ದಲ್ಲಿ ಆ ಕೋಣೆಯ ಪ್ರೇತವೆನಿಸಿಕೊಂಡ ನರ್ತಕಿ ನಾಗವಲ್ಲಿ ಪಟದ ರೂಪದಲ್ಲಿ ಬೇರೆ ಮನೆ ಸೇರಿದಳು, ಅದೇ ವರ್ಷ ತೆಲುಗಿಗೂ ಹೋದಳು. 2022ರಲ್ಲಿ ಮತ್ತೆ ಹಿಂದಿ, 2023ರಲ್ಲಿ ಮತ್ತೆ ತಮಿಳು, 2024ರಲ್ಲಿ ಮತ್ತೂ ಹಿಂದಿ. ಕೆಲವು ರೀಮೇಕ್, ಕೆಲವು ಮುಂದುವರಿಕೆ. ಬಾಗಿಲಿಗೆ ಆ ಭೇದ ಗೊತ್ತಿಲ್ಲ. ಈ ಪೈಕಿ ಐದು ಸಲ ಕೀಲಿಕೈ ಇದ್ದದ್ದು ನಿರ್ದೇಶಕ ಪಿ. ವಾಸು ಅವರ ಬಳಿಯೇ. ಇಷ್ಟು ಸಲ ತೆರೆದ ಬಾಗಿಲು ಇನ್ನೂ ಕಿರ್ರೆನ್ನುತ್ತದೆ, ಯಾರೂ ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಟ್ಟಿಲ್ಲ.

ಕೆಡುವುದು ಎಲ್ಲಿ? ಮೊದಲ ಚಿತ್ರದಲ್ಲಿ ಮನೆಯವರೆಲ್ಲ ಯಾರನ್ನೋ ಅನುಮಾನಿಸುತ್ತಿರುವಾಗ ಕಾಯಿಲೆ ಇರುವುದು ನಗುನಗುತ್ತ ಓಡಾಡುವವಳಿಗೆ. ಎರಡನೆಯದಕ್ಕೆ ಬರುವಾಗ ಪ್ರೇಕ್ಷಕ ನಗುವವರನ್ನೇ ಮೊದಲು ಹಿಡಿಯುತ್ತಾನೆ. ಗುಟ್ಟಿನ ಕೊರತೆಯನ್ನು ಆಗ ಸದ್ದಿನಿಂದ ತುಂಬಬೇಕಾಗುತ್ತದೆ. ಹಳೇ ದೃಶ್ಯ ಸೇರಿಸೋಣವೆಂದರೆ ರೀಲಿನಲ್ಲಿ ತೆಗೆದದ್ದು ಡಿಜಿಟಲ್ ದೃಶ್ಯದ ಬಣ್ಣಕ್ಕೆ ಸುಲಭವಾಗಿ ಹೊಂದುವುದಿಲ್ಲ. ಕಪ್ಪು-ಬಿಳುಪು ಮಾಡಿ ‘ನೆನಪು’ ಎಂದುಬಿಟ್ಟರೆ ಮುಗಿಯಿತು.

ಹಾಲಿವುಡ್ಡೂ ಇದೇ ಪಂಥ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಗ್ರಹ ಒಡೆಯುವ ಯಂತ್ರವಿತ್ತು, 1983ರಲ್ಲಿ ಮತ್ತೊಂದು ಬಂತು, 2015ರಲ್ಲಿ ಇನ್ನೂ ದೊಡ್ಡದು. ಆ ಕೊನೆಯದರಲ್ಲಿ ಪಾತ್ರಗಳೇ ಹಳೇ ಯಂತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಗಾತ್ರ ತೋರಿಸುತ್ತವೆ. ಅಷ್ಟು ಪ್ರಾಮಾಣಿಕತೆ ನಮ್ಮವರಿಗಿಲ್ಲ.

‘ಯಕ್ಷಗಾನದಲ್ಲೂ ಅದೇ ಪ್ರಸಂಗ ಅಲ್ದಾ?’ ಎಂದು ಅಭಿಮಾನಿ ಪಕ್ಷ ಕೇಳುತ್ತದೆ. ಹೌದು. ಆದರೆ ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ಹಳೆಯದು, ಅದಕ್ಕೆ ಪಾತ್ರಧಾರಿ ಆಡುವ ಮಾತು, ಅಂದರೆ ‘ಅರ್ಥ’, ಆ ರಾತ್ರಿಯೇ ಹುಟ್ಟಬೇಕು. ‘ವಾಲಿವಧೆ’ಯಲ್ಲಿ ವಾಲಿ ಸಾಯುತ್ತಾನೆಂದು ಕುಮಟೆಯಿಂದ ಸಿದ್ದಾಪುರದವರೆಗೆ ಎಲ್ಲರಿಗೂ ಗೊತ್ತು. ಬಾಣ ತಾಗಿದ ಮೇಲೆ ಆತ ರಾಮನನ್ನು ಏನು ಕೇಳುತ್ತಾನೆ, ರಾಮ ಅದಕ್ಕೇನು ಹೇಳಿಯಾನು ಎಂಬುದಕ್ಕೆ ಜನ ನಿದ್ದೆಗೆಡುತ್ತಾರೆ. ಸಿನಿಮಾದಲ್ಲಿ ಎಲ್ಲ ಉಲ್ಟಾ: ಪದ್ಯಕ್ಕೆ ಹೊಸ ಗಾಯಕರು, ಅರ್ಥ ಮಾತ್ರ ಹಳೇದು.

ಅಷ್ಟಕ್ಕೂ ಭಾಗ 2 ಹೇಗಿರಬೇಕೆಂಬುದು ಆ ಕಥೆಯೊಳಗೇ ಇದೆ. ವಾಲಿ-ಸುಗ್ರೀವರ ಮೊದಲ ಕಾಳಗದಲ್ಲಿ ಇಬ್ಬರೂ ಒಂದೇ ಥರ ಕಂಡು ರಾಮ ಬಾಣ ಬಿಡಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿಬಂದ. ಎರಡನೇ ಕಾಳಗಕ್ಕೂ ಅದೇ ಜೋಡಿ, ಅದೇ ಪಟ್ಟು. ಸೇರಿಸಿದ್ದು ಸುಗ್ರೀವನ ಕೊರಳಿಗೊಂದು ಹೂಮಾಲೆ. ಅಷ್ಟಕ್ಕೇ ಕಥೆ ಮಗುಚಿತು. ಈ ಪ್ರಸಂಗ ನಮ್ಮ ನಿರ್ಮಾಪಕರ ಕೈಗೆ ಸಿಕ್ಕರೆ ಮೊದಲು ಮಾಲೆಯ ಗಾತ್ರ ಹೆಚ್ಚುತ್ತದೆ. ಬಜೆಟ್ ಇನ್ನೂ ಉಳಿದಿದ್ದರೆ ವಾಲಿಗೂ ಒಂದು ಹಾಕಿಸುತ್ತಾರೆ.