ಬಲ ಹಾಕುತ್ತಲೇ ಇರಬೇಕಾ?

ಬಲ ಮತ್ತು ಚಲನೆ ಬಗ್ಗೆ ಮಕ್ಕಳಿಗಾಗಿ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ವಸ್ತು ಚಲಿಸುತ್ತಲೇ ಇರಬೇಕಾದರೆ ಬಲ ಹಾಕುತ್ತಲೇ ಇರಬೇಕು’ ಅಂತ ಬರೆದಿದ್ದೀರಲ್ಲ, ಅದು ಸರಿಯಲ್ಲ. ಎಂಟನೇ ಕ್ಲಾಸಿನ ಮಕ್ಕಳ ತಲೆಯಲ್ಲಿ ಮೊದಲೇ ಕೂತಿರುವ ತಪ್ಪು ಇದು, ಇನ್ನಷ್ಟು ಗಟ್ಟಿ ಮಾಡಬೇಡಿ.

ನಮ್ಮ ಕೋಲಾರದ ಟೊಮ್ಯಾಟೊ ಮಂಡಿ ಹತ್ತಿರ ನಿಂತು ನೋಡಿ. ಟೆಂಪೊ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಹಗ್ಗ ಬಿಗಿಯದ ಕ್ರೇಟುಗಳು ಮುಂದಕ್ಕೆ ಜಾರುತ್ತವೆ. ಅವನ್ನು ಯಾರೂ ತಳ್ಳಿಲ್ಲ. ಬ್ರೇಕ್ ಹಿಡಿದದ್ದು ಗಾಡಿಯನ್ನು. ಕ್ರೇಟು ಮೊದಲಿನ ವೇಗದಲ್ಲೇ ಹೋಗಲು ನೋಡುತ್ತದೆ. ತಳದ ಘರ್ಷಣೆ (ಉಜ್ಜುವಾಗ ಬರುವ ತಡೆ) ಸಾಲದಿದ್ದರೆ ಕ್ಯಾಬಿನ್ನಿಗೆ ಬಡಿದೇ ನಿಲ್ಲೋದು. ಟೊಮ್ಯಾಟೊ ಗತಿ ಕೇಳಬೇಡಿ!

ಅದೇ ಕ್ರೇಟನ್ನು ನೆಲದ ಮೇಲೆ ತಳ್ಳಿ ಕೈ ಬಿಟ್ಟರೆ ಕೂಡಲೇ ನಿಲ್ಲುತ್ತೆ, ಅಲ್ವಾ? ಗೊಂದಲ ಶುರುವಾಗೋದು ಇಲ್ಲೇ. ಬಲ ಮುಗಿದದ್ದಕ್ಕೆ ನಿಂತಿತು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ನಿಲ್ಲಿಸಿದ್ದು ಘರ್ಷಣೆ, ಅದೂ ಒಂದು ಬಲವೇ. ಒಂದೇ ವೇಗದಲ್ಲಿ ನೇರವಾಗಿ ತಳ್ಳುತ್ತಿದ್ದರೆ ನಮ್ಮ ಬಲ ಘರ್ಷಣೆಗೆ ಸರಿಸಮ, ಒಟ್ಟು ಬಲ ಸೊನ್ನೆ. 1977ರಲ್ಲಿ ಹಾರಿಸಿದ ವಾಯೇಜರ್ 1 ಬಾಹ್ಯಾಕಾಶ ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿದೆ. ಅದನ್ನು ಮುಂದಕ್ಕೆ ತಳ್ಳುವ ಎಂಜಿನ್ ಏನೂ ಉರಿಯುತ್ತಿಲ್ಲ. ಅಲ್ಲಿ ತಡೆಯೋಕೆ ಗಾಳಿಯೂ ಇಲ್ಲ, ನೆಲವೂ ಇಲ್ಲ.

ಇನ್ನೊಂದು ಸಣ್ಣ ವಿಷಯ. ಮಂಡಿಯಲ್ಲಿ ಕ್ರೇಟಿಗೆ ‘15 ಕೆಜಿ ತೂಕ’ ಅಂದರೆ ನಡೆಯುತ್ತದೆ. ವಿಜ್ಞಾನದ ಪಾಠದಲ್ಲಿ ಅದು ದ್ರವ್ಯರಾಶಿ, ಅಂದರೆ ಅದರಲ್ಲಿರುವ ದ್ರವ್ಯದ ಪ್ರಮಾಣ. ತೂಕ ಅಂದರೆ ಭೂಮಿ ಅದನ್ನು ಎಳೆಯುವ ಬಲ, ಸುಮಾರು 147 ನ್ಯೂಟನ್ (ಬಲದ ಅಳತೆ). ಲೇಖನದ ಚಿತ್ರದಲ್ಲಿ ಎರಡನ್ನೂ ಕಲಸಿಬಿಟ್ಟಿದ್ದೀರಿ. ದಯವಿಟ್ಟು ತಿದ್ದಿ, ಹಾಗೇ ಘರ್ಷಣೆಗೂ ಒಂದು ಬಾಣದ ಗುರುತು ಹಾಕಿ.