ಮಣಿ ತೊಳೆಯಲು ಹೋದವನ ಪಾಡು

ತಂಗಿಯ ಮದುವೆಗೆ ಇನ್ನು ಹತ್ತು ದಿನ ಇತ್ತು. ಅಮ್ಮ ಬೀರುವಿನಿಂದ ಹಳೇ ಒಡವೆ ಡಬ್ಬಿ ತೆಗೆದು, "ಇದನ್ನೆಲ್ಲ ಅಂಗಡಿಗೆ ಕೊಟ್ಟು ಪಾಲಿಶ್ ಮಾಡಿಸ್ಕೊಂಡು ಬಾರೋ" ಅಂದಳು. ಸುಮ್ನೆ ಆಟೋ ಹತ್ತಿ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. "ಅದಕ್ಯಾಕಮ್ಮ ದುಡ್ಡು, ನಾನೇ ತೊಳೆದು ಕೊಡ್ತೀನಿ" ಅಂದುಬಿಟ್ಟೆ. ಮದುವೆ ಮನೆಯಲ್ಲಿ ಕೆಲಸವಿಲ್ಲದೆ ಕೂತ ಗಂಡಸಿಗಿಂತ ಅಪಾಯ ಇನ್ನೊಂದಿಲ್ಲ.

ಮೊದಲು ಕೈ ಹಾಕಿದ್ದು ಅಜ್ಜಿಯ ಗುಂಡಿನ ಸರಕ್ಕೆ. ಅಜ್ಜಿ ಚಿನ್ನವನ್ನು ಅಂಟುವಾಳದ ನೀರಲ್ಲಿ ತೊಳೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಕಾಯಿ ಕುದಿಸಿ, ನೀರು ಆರಿಸಿ, ಆಮೇಲೆ ಸರ ಹಾಕುತ್ತಿದ್ದಳು. ಆ 'ಆರಿಸಿ' ಅನ್ನೋದೊಂದು ಮರೆತುಹೋಗಿತ್ತು. ಕೊತಕೊತ ಕುದಿಯುತ್ತಿದ್ದ ನೀರಿಗೆ ಸರ ಇಳಿಬಿಟ್ಟೆ. ಎರಡೇ ನಿಮಿಷ. ಕಡಲೆಕಾಳಿನಷ್ಟು ದಪ್ಪದ ಪ್ರತಿ ಗುಂಡಿನ ತೂತಿನಿಂದಲೂ ಕೆಂಪಗೆ, ಬೆಲ್ಲದ ಪಾಕದ ಹಾಗೆ ಏನೋ ಇಳಿಯತೊಡಗಿತು. ಅಬ್ಬಾ, ಎಷ್ಟು ವರ್ಷದ ಕೊಳೆ ಅಂತ ಖುಷಿಪಟ್ಟೆ! ಪೋಸ್ಟಾಫೀಸಿನಲ್ಲಿ ಸೀಲು ಹಾಕುವಾಗಿನ ವಾಸನೆ ಬಂದಮೇಲೆ ಎದೆ ಧಸಕ್ಕೆಂದಿತು.

ಅದು ಕೊಳೆ ಅಲ್ಲ, ಅರಗು. ಸರ ಹಿಡಿದುಕೊಂಡು ಓಡಿದಾಗ ಅಕ್ಕಸಾಲಿಗರು ಬಿಡಿಸಿ ಹೇಳಿದರು. ಇಂಥ ಗುಂಡು ಇಡೀ ಚಿನ್ನ ಅಲ್ಲವಂತೆ. ತೆಳ್ಳಗಿನ ತಗಡನ್ನು ಗುಂಡಗೆ ಮಾಡಿ, ನೆಗ್ಗದಿರಲಿ ಅಂತ ಒಳಗೆ ಅರಗು ತುಂಬಿರುತ್ತಾರೆ. ಅರಗು ಎಂಬತ್ತು ಡಿಗ್ರಿ ಮುಟ್ಟುವ ಮುಂಚೆಯೇ ಮೆತ್ತಗಾಗುತ್ತದೆ, ನಾನು ನೂರಕ್ಕೆ ಏರಿಸಿದ್ದೆ. ಈಗ ಹೆಬ್ಬೆರಳಲ್ಲಿ ಒತ್ತಿದರೆ ಗುಂಡು ಪಾನಿಪೂರಿ ಥರ ಒಳಗೆ ಹೋಗುತ್ತಿತ್ತು. ಇಷ್ಟು ವರ್ಷ ನೆಂಟರೆಲ್ಲ ಕೈಯಲ್ಲಿ ತೂಗಿ ನೋಡಿ "ಎಂಥಾ ಸರ ರೀ!" ಅಂತ ಹೊಗಳಿದ್ದರಲ್ಲ, ಆ ತೂಕದಲ್ಲಿ ಅರಗಿನ ಪಾಲೂ ಇತ್ತು ಅಂತಾಯ್ತು. ಈ ಮಾತು ಅಮ್ಮನಿಗೆ ಇನ್ನೂ ಹೇಳಿಲ್ಲ.

ಹವಳಕ್ಕೆ ಬಿಸಿನೀರು ಬೇಡ ಅಂತ ಅಷ್ಟರಲ್ಲಿ ಬುದ್ಧಿ ಬಂದಿತ್ತು. ಅದಕ್ಕೇ ನಿಂಬೆಹಣ್ಣು ಹಿಂಡಿದೆ. ತಾಮ್ರದ ಚೊಂಬು ಫಳಫಳ ಅನ್ನುತ್ತೆ, ಹವಳ ಅನ್ನಬಾರದಾ? ಮಣಿಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಕೊಳೆ ಬಿಡ್ತಾ ಇದೆ ಅಂದುಕೊಂಡೆ. ಬಿಡ್ತಾ ಇದ್ದದ್ದು ಹವಳವೇ. ಸಮುದ್ರದ ಪುಟಾಣಿ ಜೀವಿಗಳು ಕಟ್ಟಿಕೊಂಡ ಗೂಡು ಅದು, ಸುಣ್ಣದಕಲ್ಲಿನದೇ ಜಾತಿ, ಹುಳಿ ತಗುಲಿದರೆ ಕರಗುತ್ತದೆ. ತೊಳೆದು ಒರೆಸಿದರೆ ಹೊಳಪೆಲ್ಲ ಹೋಗಿ, ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಮಂಕಾಗಿತ್ತು.

ಮುತ್ತೂ ಅದೇ ಸುಣ್ಣದ ವಂಶ ಅಂತ ಓದಿಕೊಂಡಿದ್ದರಿಂದ ಅದರ ಸರಕ್ಕೆ ನೀರೂ ಸೋಕಿಸಲಿಲ್ಲ. ಅಸಲಿಯೋ ನಕಲಿಯೋ ಅಂತಷ್ಟೇ ನೋಡೋಣ ಅಂದುಕೊಂಡೆ. ಹಲ್ಲಿಗೆ ಉಜ್ಜಿದರೆ ಅಸಲಿ ಮುತ್ತು ಸಣ್ಣ ಮರಳಿನ ಹಾಗೆ ತರಿತರಿ ಅನ್ನುತ್ತದೆ, ಗಾಜಿಗೆ ಬಣ್ಣ ಹಚ್ಚಿದ್ದು ಜಾರುತ್ತದೆ. ಸರ ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತರಿ ಇದೆಯಾ ಇಲ್ಲವಾ ಅಂತ ತಪಸ್ಸಿಗೆ ಕೂತಿದ್ದಾಗ ಲಗ್ನಪತ್ರಿಕೆಯ ಕರಡು ಹಿಡಿದುಕೊಂಡು ಬೀಗರು ಒಳಗೆ ಬಂದರು. ಯಾರೂ ಮಾತಾಡಲಿಲ್ಲ. ಕೊನೆಗೆ ಅಮ್ಮನೇ "ಕಾಫಿ ತಗೋತೀರಾ?" ಅಂದಳು. ತರಿ ಇತ್ತು, ಮುತ್ತು ಅಸಲಿ. ಆದರೆ ಸಮುದ್ರದಲ್ಲಿ ತಾನಾಗಿ ಆದದ್ದೋ, ಜಪಾನಿನ ಮಿಕಿಮೋಟೊ 1893ರಲ್ಲಿ ಸಾಧಿಸಿ ತೋರಿಸಿದ ಹಾಗೆ ಚಿಪ್ಪಿನೊಳಗೆ ಬೇಕಂತಲೇ ಬೆಳೆಸಿದ್ದೋ, ಅದು ಹಲ್ಲಿಗೆ ತಿಳಿಯೋದಿಲ್ಲ. ಅದಕ್ಕೆ ಎಕ್ಸ್‌ರೇ ತೆಗೆಯಬೇಕು. ಬೀಗರ ಮುಖ ನೋಡಿದರೆ, ನನ್ನ ತಲೆಗೂ ಒಂದು ತೆಗೆಸಿದರೆ ವಾಸಿ ಅನ್ನುವ ಹಾಗಿತ್ತು.

ತಾತನ ಸ್ಫಟಿಕದ ಮಾಲೆಯನ್ನಾದರೂ ಬಿಡಬಹುದಿತ್ತು. ಬಿಡಲಿಲ್ಲ. ಸ್ಫಟಿಕ ಗಾಜಿಗಿಂತ ಗಟ್ಟಿ, ಅಸಲಿಯಾದರೆ ಗಾಜಿನ ಮೇಲೆ ಗೀರು ಬೀಳಿಸುತ್ತದೆ. ತಾತನದು ಅಪ್ಪಟ ಸ್ಫಟಿಕ. ಬೇಕಾದರೆ ನಮ್ಮ ಬೀರುವಿನ ಕನ್ನಡಿ ನೋಡಿ.

ಇಷ್ಟಾದ ಮೇಲೆ ಉಳಿದಿದ್ದು ಅಮ್ಮ ಎತ್ತಿಟ್ಟಿದ್ದ ಹಳೇ ಕರಿಮಣಿ ಸರ. ಇದು ಬರೀ ಗಾಜು, ನಿಂಬೆಹುಳಿಗೂ ಜಗ್ಗಲ್ಲ. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಉದ್ದಕ್ಕೆ, ಒಳಗೆ ಪೊಳ್ಳಿರುವ ಎಳೆಯಾಗಿ ಎಳೆದು, ಚೂರು ಚೂರು ಕತ್ತರಿಸಿ, ಮತ್ತೆ ಕಾಯಿಸಿ ಅಂಚು ನುಣುಪು ಮಾಡಿ ಇಂಥ ಸಣ್ಣ ಮಣಿ ಮಾಡುತ್ತಾರೆ. ಮಣಿ ಗಟ್ಟಿಯೇ ಇತ್ತು. ಅದರೊಳಗಿನ ದಾರದ ವಯಸ್ಸನ್ನು ನಾನು ಕೇಳಿರಲಿಲ್ಲ. ಅಡುಗೆಮನೆ ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ, ಟಪ್ ಅಂತು. ಸಿಂಕು, ಕಟ್ಟೆ, ನೆಲ, ಗ್ಯಾಸ್ ಸಿಲಿಂಡರಿನ ಹಿಂದೆ, ಎಲ್ಲೆಲ್ಲೂ ಕರಿಮಣಿ.

"ಅಮ್ಮಾ, ಸರ ಹರಿದೋಯ್ತು!"

"ಹರೀತು ಅನ್ನಬಾರದು ಕಣೋ, ಹೆಚ್ಚಿತು ಅನ್ನು" ಅಂತ ಒಳಗಿಂದಲೇ ತಿದ್ದಿದಳು. ನಿಜವಾಗಿಯೂ ಹೆಚ್ಚಿತ್ತು. ಕತ್ತಿನಲ್ಲಿದ್ದಾಗ ಅಷ್ಟೊಂದು ಮಣಿ ಇದ್ದ ಹಾಗೆ ಕಂಡೇ ಇರಲಿಲ್ಲ. ಮಂಡಿಯೂರಿ, ಟಾರ್ಚ್ ಹಿಡಿದು, ಕೈಗೆ ಸಿಕ್ಕಿದ್ದನ್ನೆಲ್ಲ ಒಂದು ಸ್ಟೀಲ್ ಬಟ್ಟಲಿಗೆ ತುಂಬಿ ಒಗ್ಗರಣೆ ಡಬ್ಬಿಯ ಪಕ್ಕ ಇಟ್ಟೆ. ಡಬ್ಬಿಯ ಮುಚ್ಚಳ ತೆಗೆದಿತ್ತು. ಅದನ್ನು ಆಗ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಉಪ್ಪಿಟ್ಟು. ಬಾಣಲೆಯಲ್ಲಿ ಸಾಸಿವೆ ಚಟಪಟ ಸಿಡಿದು ಸುಮ್ಮನಾಯಿತು. ಅಮ್ಮ ಮಾತ್ರ ಬಗ್ಗಿ ನೋಡುತ್ತಲೇ ನಿಂತಿದ್ದಳು. "ಇದೇನೋ, ಆರೇಳು ಕಾಳು ಸಿಡೀತಾನೇ ಇಲ್ಲ?" ಅಂದಳು.