ಒಂದು ಬಾಂಬ್ ಸಿಡಿದರೆ ರೇಡಿಯೋ ಎಲ್ಲ ಬಂದ್ ಆಗುತ್ತಾ?

ಎಲ್ಲೋ ಒಂದು ಅಣುಬಾಂಬ್ ಸಿಡಿದರೆ ಸಾಕು, ಜಗತ್ತಿನ ರೇಡಿಯೋ ಸಿಗ್ನಲ್ ಎಲ್ಲ ಶಾಶ್ವತವಾಗಿ ನಿಂತುಹೋಗುತ್ತದೆ ಅನ್ನೋ ಫಾರ್ವರ್ಡ್ ಆಗಾಗ ಬರುತ್ತಲೇ ಇರುತ್ತದೆ. ಇದರಲ್ಲಿ ಒಂದೆಳೆ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ‘ಎಲ್ಲ’ ಅನ್ನುವುದೂ ತಪ್ಪು, ‘ಶಾಶ್ವತ’ ಅನ್ನುವುದೂ ತಪ್ಪು.

ಶಾರ್ಟ್‌ವೇವ್ (ದೂರದ ದೇಶಗಳವರೆಗೂ ಕೇಳಿಸುವ ರೇಡಿಯೋ ಬ್ಯಾಂಡ್) ಅಷ್ಟು ದೂರ ಹೋಗುವುದು ಅಯಾನುಗೋಳದಿಂದ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶ ಹೊತ್ತ ಪದರಗಳಿಂದ, ಬಾಗಿ ವಾಪಸ್ ಬರುವುದರಿಂದ. ತುಂಬಾ ಎತ್ತರದಲ್ಲಿ ಬಾಂಬ್ ಸಿಡಿದರೆ ಅದರ ಕಿರಣಗಳಿಂದ 60ರಿಂದ 90 ಕಿ.ಮೀ. ಎತ್ತರದ ಗಾಳಿಯಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ಜಾಸ್ತಿಯಾಗುತ್ತವೆ. ಆ ಪದರ ಶಾರ್ಟ್‌ವೇವನ್ನು ಸ್ಪಂಜಿನ ಹಾಗೆ ಹೀರಿಬಿಡುತ್ತದೆ. 1958ರ ಆಗಸ್ಟ್‌ನಲ್ಲಿ ಪೆಸಿಫಿಕ್ ಸಾಗರದ ಮೇಲೆ, ಸುಮಾರು 77 ಕಿ.ಮೀ. ಎತ್ತರದಲ್ಲಿ ಅಮೆರಿಕದ ‘ಟೀಕ್’ ಅಣುಬಾಂಬ್ ಪರೀಕ್ಷೆ ನಡೆದಾಗ ಆ ಭಾಗದ ಶಾರ್ಟ್‌ವೇವ್ ಸಂಪರ್ಕ ಗಂಟೆಗಟ್ಟಲೆ ಕೆಟ್ಟಿತ್ತು. ಆಮೇಲೆ ಬಿಡಿ ಎಲೆಕ್ಟ್ರಾನ್‌ಗಳು ಮತ್ತೆ ಗಾಳಿಯ ಕಣಗಳಿಗೆ ಸೇರಿಕೊಂಡವು, ರೇಡಿಯೋ ಸರಿಹೋಯಿತು.

ನೆಲದ ಹತ್ತಿರ ಸಿಡಿದರೆ ಬಾಂಬಿನ ಕಿರಣಗಳು ಅಷ್ಟು ಮೇಲೆ ಹೋಗದಂತೆ ದಟ್ಟ ಗಾಳಿಯೇ ತಡೆಯುತ್ತದೆ. ಇನ್ನು ಎಫ್‌ಎಂಗೆ ಸಾಮಾನ್ಯವಾಗಿ ಅಯಾನುಗೋಳದ ಹಂಗೇ ಇಲ್ಲ. (ಉಪಕರಣ ಸುಡುವ ವಿದ್ಯುತ್ಕಾಂತೀಯ ಹೊಡೆತ ಬೇರೆಯೇ ವಿಷಯ. ಫಾರ್ವರ್ಡ್‌ಗಳು ಎರಡನ್ನೂ ಕಲಸಿಬಿಡುತ್ತವೆ.)

ಈ ಹೀರುವಿಕೆಯನ್ನು ನೀವೇ ಕೇಳಬಹುದು. ಹಳೆಯ ರೇಡಿಯೋ ಇದ್ದರೆ ಮೀಡಿಯಂವೇವ್‌ನಲ್ಲಿ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಮುಳ್ಳು ತಿರುಗಿಸಿ. ಹಗಲು ಬರೀ ಗೊರಗೊರ ಅಂದ ಕಡೆ ರಾತ್ರಿ ದೂರದ ಸ್ಟೇಷನ್ ಮಾತಾಡುತ್ತಿರುತ್ತದೆ. ಅದೇ ಎತ್ತರದಲ್ಲಿ ಹಗಲು ಬಿಸಿಲಿಗೂ ಇಂಥ ಹೀರುವ ಪದರ ಹುಟ್ಟುತ್ತದೆ, ಕತ್ತಲಾದ ಮೇಲೆ ಕರಗುತ್ತದೆ, ಅಷ್ಟೇ.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಮೂರು ವಿಷಯ ಹುಡುಕಿ: ಎಷ್ಟು ಎತ್ತರದಲ್ಲಿ, ಯಾವ ಬ್ಯಾಂಡ್, ಎಷ್ಟು ಹೊತ್ತು? ಮೂರೂ ಇಲ್ಲದಿದ್ದರೆ ಸುಮ್ನೆ ಮುಂದೆ ಕಳಿಸಬೇಡಿ.